ನಲವತ್ತೆರಡನೆಯ ಇಲಿ

ಕೈರೋದಿಂದ ಹುಳು ಎಣಿಸುವ ಡಾಕ್ಟರು ಬಂದಾಗಲೆಲ್ಲ ನಮ್ಮ ಸಿನಾಯ್ ಕಣಿವೆಯ ಕಾಡಿಲಿಗಳಿಗೆ ಬೋನು ಇಡುವವನು ಮುಸಲ್ಲಮ್ ಚಿಕ್ಕಪ್ಪ. ಬೋನಿಗೊಂದು ಖರ್ಜೂರ, ಖರ್ಜೂರಕ್ಕೊಂದು ಬೈಗುಳ. “ಇಲಿ ಹೊಟ್ಟೇಲಿ ಎಷ್ಟು ಹುಳ ಇದೆ ಅಂತ ನೋಡೋಕೆ ಜೀಪಲ್ಲಿ ಬರ್ತಾರೆ! ನಮ್ಮ ಮಕ್ಕಳ ಹೊಟ್ಟೆ ಏನು ಕಲ್ಲಾ?” ಚಹಾ ಕುದಿಸುವಾಗಲೂ ಇದೇ, ಒಂಟೆ ಕಟ್ಟುವಾಗಲೂ ಇದೇ, ನಮಾಜು ಮುಗಿಸಿ ಚಾಪೆ ಮಡಚುವಷ್ಟರಲ್ಲಿ ಮತ್ತೆ ಶುರು. ಬೋನಿಗೆ ಬಿದ್ದ ಇಲಿಯ ಹಿಕ್ಕೆಯನ್ನು ಚಿಟಿಕೆಯಷ್ಟು ಡಬ್ಬಿಗೆ ಹಾಕಿ ಬೋನಿನ ನಂಬರು ಅಂಟಿಸುವುದೂ ಅವನದೇ ಕೆಲಸ. ನಿನ್ನೆ ಡಾಕ್ಟರು ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, “ನಲವತ್ತೆರಡನೇ ಇಲಿ ಹೊಟ್ಟೇಲಿ ಹುಳ ತುಂಬ್ಕೊಂಡಿದೆ, ಬದುಕೋದು ಕಷ್ಟ,” ಎಂದರು. ಆ ನಂಬರಿನ ಬೋನು ಖಾಲಿಯಿದ್ದದ್ದು ನನಗೆ ಗೊತ್ತಿತ್ತು; ಡಬ್ಬಿ ಮಾತ್ರ ಖಾಲಿಯಿರಲಿಲ್ಲ. ಚಿಕ್ಕಪ್ಪನ ದನಿ ಮೊದಲ ಸಲ ತಗ್ಗಿತು: “ಅದು ಇಲಿಯಲ್ಲ ಡಾಕ್ಟ್ರೇ, ನನ್ನ ಮೊಮ್ಮಗಳು. ಔಷಧಿ ಕೊಡಿ.”