ಸತ್ತ ಮೆಟ್ಟೆಯ ಕೈಬರಹ

ಥೀರಾ ಬ್ರಾಂಡ್‌ಹೋಲ್ಟ್ ಎಡಗೈಯಲ್ಲಿ ಬರೆಯಲು ಕಲಿತದ್ದು ತಲೆ ನರೆತ ಮೇಲೆ, ಅದೂ ಎಂದೂ ಬದುಕಿರದ ಒಬ್ಬ ಹೆಂಗಸಿಗಾಗಿ. ಆ ಹೆಂಗಸಿನ ಹೆಸರು ಮೆಟ್ಟೆ. ದೀಪಸ್ತಂಭ ಕಾಯುತ್ತಿದ್ದವನ ವಿಧವೆ. ಮೀನು ಕೊಯ್ಯುವಾಗ ಬಲಗೈಯ ಬೆರಳು ಕಳೆದುಕೊಂಡವಳು. ಹಾಗಾಗಿ ಎಡಗೈಯಲ್ಲಿ ಬರೆಯುವ ಅವಳ ಅಕ್ಷರ ಹಿಂದಕ್ಕೆ ವಾಲುತ್ತದೆ. ಅಂಗೈ ಉಜ್ಜಿ ಶಾಯಿ ಸಾಲಿನುದ್ದಕ್ಕೂ ಹರಡುತ್ತದೆ. ಇದಿಷ್ಟನ್ನು ಕಾಗದದ ಮೇಲೆ ತರಲು ಥೀರಾಗೆ ಒಂದು ಇಡೀ ಚಳಿಗಾಲ ಹಿಡಿಯಿತು.

ಮೆಟ್ಟೆ ಇದ್ದದ್ದು ಒಂದು ಆಟದೊಳಗೆ. ಆಟದವರು ದೂರದೂರದ ಊರಿನವರು, ಒಂದೇ ಮೇಜಿಗೆ ಕೂರುವವರಲ್ಲ. ಕಥೆ ನಡೆಸುವ ಆಸ್ಗರ್ ಕೋಲ್ಡಿಂಗ್‌ನಲ್ಲಿ ಭೂಗೋಳದ ಮೇಷ್ಟ್ರು. ತೂರಿಡ್ ಫಾರೋ ದ್ವೀಪದ ಮೀನು ಕಾರ್ಖಾನೆಯಲ್ಲಿ ಮೇಲ್ವಿಚಾರಕಿ. ಓಲುಫ್ ಬೋರ್ನ್‌ಹೋಲ್ಮ್‌ನಲ್ಲಿ ಹಡಗಿನ ಯಂತ್ರ ರಿಪೇರಿ ಮಾಡಿ ನಿವೃತ್ತನಾದವನು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಮೂವರೂ ತಮ್ಮ ತಮ್ಮ ಪರದೆಯ ಮುಂದೆ ಕೂತು, ದಾಳ ಉರುಳಿಸಿ, ಹಳೆಯ ಕಾಲದ ಒಂದು ಕಲ್ಪಿತ ದ್ವೀಪದಲ್ಲಿ ಬದುಕುತ್ತಾರೆ. ಆ ದ್ವೀಪದ ಜನರ ಕಾಗದಗಳನ್ನೆಲ್ಲ ಬರೆಯುವವಳು ಥೀರಾ. ರಾಂಡರ್ಸ್‌ನ ತನ್ನ ಅಡುಗೆಮನೆಯಲ್ಲಿ ಹಾಳೆಯನ್ನು ಚಹಾದಲ್ಲಿ ಅದ್ದಿ, ಒಲೆಯ ಬಳಿ ಒಣಗಿಸಿ, ಬರೆದು, ಮಡಿಸಿ, ಅರಗಿನ ಮುದ್ರೆ ಒತ್ತುತ್ತಾಳೆ. ಸರ್ಕಾರ ಪತ್ರ ಹಂಚುವುದನ್ನು ನಿಲ್ಲಿಸಿ ಊರಿನ ಕೆಂಪು ಟಪಾಲು ಡಬ್ಬಿಗಳನ್ನು ಕಿತ್ತುಹಾಕಿದ ಮೇಲೆ ಕಾಗದಗಳನ್ನು ಪೊಟ್ಟಣವೆಂದು ಕಳಿಸುತ್ತಾಳೆ, ಪ್ರತಿ ಸಲವೂ ಅದನ್ನು ಬೈಯುತ್ತ.

ಇವರಲ್ಲಿ ಕೆಲವು ಕಟ್ಟಳೆಗಳಿವೆ. ಆಸ್ಗರ್ ಹೇಳುವವರೆಗೆ ಮುದ್ರೆ ಒಡೆಯುವಂತಿಲ್ಲ. ಹೇಳಿದಾಗ ಎಲ್ಲರೂ ಒಟ್ಟಿಗೆ, ಕ್ಯಾಮೆರಾದ ಎದುರೇ ಒಡೆಯಬೇಕು. ಹಾಗೆ ಒಡೆದ ಕಾಗದದಲ್ಲಿ ಇದ್ದದ್ದು ಆಟದಲ್ಲಿ ನಡೆದಂತೆಯೇ. ಕಥೆ ನಡೆಸುವವನೂ ಅದನ್ನು ಅಳಿಸುವಂತಿಲ್ಲ. ಕಾಗದ ಬರೆಯುವವಳು ಆಟದಲ್ಲಿ ಬಾಯಿ ಹಾಕುವುದಿಲ್ಲ. ಕ್ಯಾಮೆರಾ ಆರಿಸಿ ಕೂತು ಅರಗು ಮುರಿಯುವ ಸದ್ದು ಕೇಳಿಸಿಕೊಳ್ಳುತ್ತಾಳೆ. ಇನ್ನೊಂದು ಕಟ್ಟಳೆ ಥೀರಾಳದೇ: ಕಥೆಯಲ್ಲಿ ಯಾರಾದರೂ ಸತ್ತರೆ ಅವರ ಕೈಬರಹವೂ ಅಲ್ಲಿಗೆ ಮುಗಿಯಿತು. ಆ ನಿಬ್ಬನ್ನು ಆಕೆ ಮುರಿದುಹಾಕುತ್ತಾಳೆ.

ಮೆಟ್ಟೆ ಸತ್ತದ್ದು ಹೋದ ಮಾಘದ ಚಳಿಯಲ್ಲಿ. ದಾಳ ಕೆಟ್ಟದಾಗಿ ಬಿತ್ತು, ಹೆಪ್ಪುಗಟ್ಟಿದ ಕಡಲ ಮೇಲೆ ನಡೆಯುತ್ತಿದ್ದವಳ ಕಾಲಡಿಯ ಹಿಮಗಡ್ಡೆ ಸೀಳಿತು. ಆ ದಿನ ಥೀರಾ ಮೊದಲ ಬಾರಿಗೆ ತನ್ನ ಕ್ಯಾಮೆರಾ ಹಾಕಿದಳು. ಇಕ್ಕಳದಲ್ಲಿ ನಿಬ್ಬು ಮುರಿದಳು. ಓಲುಫ್ ಮೂಗು ಸೀಟಿಕೊಂಡ. ತೂರಿಡ್ ಎದ್ದು ಹೋಗಿ ಕಾಫಿ ಹಿಡಿದು ಬಂದಳು.

ವಸಂತದಲ್ಲಿ, ಒಂದು ಭಾನುವಾರ, ಆಸ್ಗರ್ ಹೇಳಿದ ಮೇಲೆ ಎಲ್ಲರೂ ಲಕೋಟೆ ಒಡೆದಾಗ ತೂರಿಡ್ ಕೂಗಿದಳು: "ಅಯ್ಯೋ, ಮೆಟ್ಟೆ ಬರೆದಿದ್ದಾಳೆ!"

"ಸಾಯೋ ಮುಂಚೆ ಬರೆದಿಟ್ಟಿದ್ದು," ಎಂದ ಆಸ್ಗರ್. "ಓದಿ, ಓದಿ. ಪಾದ್ರಿ ಮೇಲೆ ದೂರು ಇದೆ."

ಥೀರಾ ಕಟ್ಟಳೆ ಮುರಿದು ಮೈಕು ಹಾಕಿದಳು. "ಅದನ್ನ ಬರೆದೋರು ಯಾರು?"

"ಥೀರಾ, ಆಟ ನಡೀತಾ ಇದೆ..."

"ಯಾರು ಬರೆದಿದ್ದು ಅಂತ ಕೇಳ್ದೆ."

ಬರೆದದ್ದು ಯಾರೂ ಅಲ್ಲ. ಇಂಥ ಆಟಗಳಿಗೆ ಸಾಮಾನು ಮಾರುವ ಒಂದು ಜಾಲತಾಣದ ಅಂಗಡಿಗೆ ಆಸ್ಗರ್ ಮೆಟ್ಟೆಯ ಕಾಗದಗಳ ಚಿತ್ರ ಕಳಿಸಿ, ಬಳಸಲು ಒಪ್ಪಿಗೆಯನ್ನೂ ಕೊಟ್ಟಿದ್ದ. ಅವರು ಅದನ್ನು ಕಂಪ್ಯೂಟರಿನ ಅಕ್ಷರಶೈಲಿಯಾಗಿ ಮಾಡಿ, 'ವಿಧವೆಯ ಕೈ' ಎಂದು ಹೆಸರಿಟ್ಟು ಮಾರಾಟಕ್ಕಿಟ್ಟಿದ್ದರು. ಕೀಲಿ ಒತ್ತಿದರೆ ಸಾಕು, ಮೆಟ್ಟೆ ಬರೆಯುತ್ತಾಳೆ. ಶಾಯಿ ಕೂಡ ಹರಡುತ್ತದೆ, ಪ್ರತಿ ಸಲವೂ ಅದೇ ಜಾಗದಲ್ಲಿ.

"ನಿನಗೆ ಮಣಿಕಟ್ಟು ನೋವು ಅಂತಿದ್ಯಲ್ಲ, ಅದಕ್ಕೇ ಮಾಡಿದ್ದು," ಎಂದ ಆಸ್ಗರ್.

"ನನ್ನ ನೋವನ್ನ ನಿನ್ನ ಹತ್ರ ಅಡ ಇಟ್ಟಿದ್ನಾ?"

"ಒಳ್ಳೇದಕ್ಕೇ ಮಾರಾಯ್ತಿ. ನಿನ್ನ ಕೆಲಸ ಜನ ನೋಡಲಿ ಅಂತ."

"ಅವಳು ಸತ್ತಿದ್ದಾಳೆ ಕಣೋ. ನೀನೇ ಕೊಂದಿದ್ದು. ಈಗ ಹೆಣದ ಕೈಗೆ ಪೆನ್ನು ಕಟ್ಟಿ ಬರೆಸ್ತಿದೀಯ."

ಓಲುಫ್ ಮಧ್ಯೆ ಬಂದ: "ಅವನು ಮೇಷ್ಟ್ರಲ್ವೇನಮ್ಮ, ನಕಲು ಹೊಡೆಯೋರನ್ನ ಹಿಡೀತಾ ಹಿಡೀತಾ ತಾನೇ ಕಲ್ತುಬಿಟ್ಟಿದ್ದಾನೆ."

ಆಸ್ಗರ್ ಪಟ್ಟು ಬಿಡಲಿಲ್ಲ: ಒಡೆದ ಕಾಗದ ನಿಜ, ಕಟ್ಟಳೆ ಕಟ್ಟಳೆಯೇ, ಮೆಟ್ಟೆ ಬರೆದದ್ದು ನಡೆದದ್ದೇ. ಥೀರಾ ಮೈಕು ಆರಿಸಿದಳು.

ಮುಂದಿನ ಕಂತಿಗೆ ಬಂದರಿನ ಅಧಿಕಾರಿಯ ಪತ್ರವೊಂದು ಬೇಕೆಂದು ಆಸ್ಗರ್ ಮೊದಲೇ ಹೇಳಿದ್ದ. ಥೀರಾ ಕಳಿಸಿದ ಮೂರು ಲಕೋಟೆ ವೇಳೆಗೆ ಸರಿಯಾಗಿ ಮೂವರಿಗೂ ತಲುಪಿದವು. ಅವಳು ತಣ್ಣಗಾದಳೆಂದು ಆಸ್ಗರ್ ಸಮಾಧಾನಪಟ್ಟ. "ಒಡೀರಿ," ಎಂದ. ಮೂರು ಊರಲ್ಲಿ ಮೂರು ಮುದ್ರೆ ಮುರಿದವು.

ಕಾಗದ ಅಧಿಕಾರಿಯದಾಗಿರಲಿಲ್ಲ. ದ್ವೀಪದ ಸೂಲಗಿತ್ತಿಯದು. ಅವಳು ಅಲ್ಲಿಯವರೆಗೆ ಏನನ್ನೂ ಬರೆದವಳಲ್ಲ; ದಪ್ಪನೆಯ, ಒತ್ತಿ ಬರೆದ, ಯಾರೂ ಕಂಡಿರದ ಅಕ್ಷರ. ತೂರಿಡ್ ಗಟ್ಟಿಯಾಗಿ ಓದಿದಳು: "ಮೆಟ್ಟೆಯ ಹೆಣ ತೊಳೆದವಳು ನಾನು. ಅವಳ ಕೈ ಮಡಿಸಿ ಮಣ್ಣಿಗೆ ಕೊಟ್ಟವಳೂ ನಾನೇ. ಅವಳ ಹೆಸರಲ್ಲಿ ಬಂದಿರುವ ಕಾಗದ ಕಳ್ಳ ಕಾಗದ. ಬರೆದವನು ಈ ದ್ವೀಪದಲ್ಲೇ ಇದ್ದಾನೆ. ಅವನನ್ನು ಹುಡುಕಿ."

ಆಸ್ಗರ್‌ನ ಮುಖ ಕೆಂಪಾಯಿತು. "ಇದನ್ನ ನಾನು ಕೇಳಿರಲಿಲ್ಲ."

"ಮುದ್ರೆ ಇತ್ತು," ಎಂದಳು ತೂರಿಡ್.

"ನೀನೇ ಒಡೀರಿ ಅಂದೆ," ಎಂದ ಓಲುಫ್. "ಒಡೆದ ಮೇಲೆ ನಿಜ ತಾನೇ, ಮೇಷ್ಟ್ರೇ?"

ಆಮೇಲೆ ನಡೆದದ್ದು ವಿಚಾರಣೆ. ತೂರಿಡ್ ಮತ್ತು ಓಲುಫ್ ದ್ವೀಪದ ಮನೆಮನೆಯ ಕದ ತಟ್ಟಿದರು. ಆಟದಲ್ಲಿ ಆ ಜನರೆಲ್ಲರ ಮಾತೂ ಕಥೆ ನಡೆಸುವವನದೇ, ಹಾಗಾಗಿ ಪ್ರತಿ ಕದ ತೆರೆದು ಉತ್ತರ ಕೊಡಬೇಕಾದವನು ಆಸ್ಗರ್. ಪಾದ್ರಿಯಾಗಿ ಅಲ್ಲ ಎಂದ, ಮೀನುಗಾರನಾಗಿ ಅಲ್ಲ ಎಂದ. ಕೊನೆಗೆ ಬಂದರಿನ ಗುಮಾಸ್ತನ ಕದಕ್ಕೆ ಬಂದರು.

"ನೀನೇನಪ್ಪ ಬರೆದಿದ್ದು?" ಎಂದಳು ತೂರಿಡ್.

"ಹೌದು," ಎಂದ ಗುಮಾಸ್ತ, ಆಸ್ಗರ್‌ನ ಬಾಯಿಂದ. "ಅವಳನ್ನ ಕೇಳ್ಬೇಕಿತ್ತು. ಕೇಳ್ಲಿಲ್ಲ."

"ಯಾರನ್ನ? ಮೆಟ್ಟೆನಾ?"

"ಮೆಟ್ಟೆನಲ್ಲ."

ಗುಮಾಸ್ತನನ್ನು ದೋಣಿ ಹತ್ತಿಸಿ ದ್ವೀಪದಿಂದ ಆಚೆಗೆ ಕಳಿಸಿದರು. ಆಟದೊಳಗೆ ಮೆಟ್ಟೆ ಮತ್ತೆ ಸತ್ತವಳಾದಳು.

ಆಟದ ಹೊರಗೆ ಅಷ್ಟು ಸುಲಭವಾಗಲಿಲ್ಲ. ಅಕ್ಷರಶೈಲಿಯನ್ನು ತೆಗೆಯಿರಿ ಎಂದು ಆಸ್ಗರ್ ಅಂಗಡಿಗೆ ಬರೆದ. ಕೊಟ್ಟ ಒಪ್ಪಿಗೆ ವಾಪಸ್ಸಿಲ್ಲ ಎಂದು ಉತ್ತರ ಬಂತು, ಜೊತೆಗೆ ಒಂದು ನಗುಮುಖದ ಚಿತ್ರ. ಕೊಟ್ಟವನಿಗೆ ಕೊಡುವ ಹಕ್ಕಿತ್ತೇ ಎಂದು ಅವರು ಆಗಲೂ ಕೇಳಲಿಲ್ಲ, ಈಗಲೂ ಕೇಳಿಲ್ಲ. ಮದುವೆಯ ಕರೆಯೋಲೆಗೆ ತುಂಬ ಚೆನ್ನಾಗಿ ಒಪ್ಪುತ್ತದೆ ಎಂದು ಕೊಂಡವರೊಬ್ಬರು ಮೆಚ್ಚಿ ಬರೆದಿದ್ದಾರೆ. ಆಸ್ಗರ್ ಅದನ್ನು ಓದಿ ಹೇಳಿದಾಗ ಥೀರಾ ರೈ ಧಾನ್ಯದ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದಳು. "ವಿಧವೆ ಕೈಯಲ್ಲಿ ಮದುವೆ ಕರೀತಾರಂತೆ," ಎಂದಳಷ್ಟೆ. ಚಾಕು ರೊಟ್ಟಿಯನ್ನು ದಾಟಿ ತಟ್ಟೆಗೆ ತಾಗಿತು.

ಭಾನುವಾರಗಳು ನಡೆದಿವೆ. ಆಟ ಶುರುವಾಗುವ ಮುಂಚೆ ಥೀರಾ ಒಂದೇ ಪ್ರಶ್ನೆ ಕೇಳುತ್ತಾಳೆ: "ತೆಗೆದ್ರಾ?"

"ಇಲ್ಲ. ಮತ್ತೆ ಬರೆದಿದ್ದೀನಿ," ಎನ್ನುತ್ತಾನೆ ಆಸ್ಗರ್.

ತೂರಿಡ್, ಓಲುಫ್ ಇಬ್ಬರೂ ಒಪ್ಪಿದ್ದಾರೆ: ಅಂಗಡಿ ಅದನ್ನು ತೆಗೆಯುವವರೆಗೆ ಥೀರಾ ಕಾಗದ ಬರೆಯುವುದಿಲ್ಲ, ದ್ವೀಪಕ್ಕೆ ಟಪಾಲಿಲ್ಲ. ಆಟದೊಳಗೆ ಯಾರ ಸುದ್ದಿ ಬೇಕಾದರೂ ದೋಣಿಗೆ ಹುಟ್ಟು ಹಾಕಿಕೊಂಡು ಹೋಗಿ, ಮುಖ ನೋಡಿ ಕೇಳಿ ಬರಬೇಕು.