ಮಳೆಯಕ್ಕನ ಪುಸ್ತಕದಲ್ಲೊಂದು ಕಂಬಳಿ

ಬಾಡಿಗೆ ಮನೆಗೆ ಪಾತ್ರೆಪಗಡ ಇಳಿಸಿದ ದಿನವೇ ಹೊಲಿಗೆಯವಳ ಕಿವಿಗೆ ಮಳೆಯಕ್ಕನ ಸುದ್ದಿ ಬಿತ್ತು.

"ಪಕ್ಕದ ಪಂಪ್‌ಹೌಸ್‌ನವಳು. ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೀತಾಳೆ. ತನ್ನ ಮದುವೆ ದಿನವೂ ಮೊದಲು ಮಳೆ, ಆಮೇಲೆ ಗಂಡ!" ಎಂದಳು ಮನೆಯೊಡತಿ.

"ಮಳೆ ಬರದ ದಿನ ಏನು ಅಳೀತಾಳೆ?"

"ಸೊನ್ನೆ ಬರೀಬೇಕಲ್ಲಮ್ಮ, ಅದಕ್ಕೂ ಹೋಗ್ತಾಳೆ."

ಮೂರನೇ ದಿನವೇ ಎಡವಟ್ಟಾಯಿತು. ಪಂಪ್‌ಹೌಸಿನ ಅಂಗಳದಲ್ಲಿ ಒಳ್ಳೆ ಬಿಸಿಲು, ಸೊಂಟದೆತ್ತರದ ತಂತಿಬೇಲಿ. ಒಗೆದ ಕಂಬಳಿ ಹರವಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಬೇಲಿಯೊಳಗಿನ ತಗಡಿನ ಡಬ್ಬವೇ ಮಳೆಮಾಪಕ ಎಂದು ಅವಳಿಗೇನು ಗೊತ್ತು! ಗಾಳಿಗೆ ಹಾರಿದ ಕಂಬಳಿ ಡಬ್ಬದ ತಲೆಗೆ ಮುಸುಕು ಹಾಕಿ, ಒಳಕ್ಕೆ ತೊಟ್ಟಿಕ್ಕಿತು.

ಮರುದಿನ ಬೆಳಿಗ್ಗೆ ಅಳತೆಯ ಗಾಜಿನ ಲೋಟ ಹಿಡಿದು ಮಳೆಯಕ್ಕ ಬಾಗಿಲಲ್ಲಿ ನಿಂತಿದ್ದಳು. ನೀರನ್ನು ಮೂಸಿ ಕೇಳಿದಳು: "ಏನೇ, ನಿನ್ನೆ ಮೋಡ ಸೋಪು ಹಚ್ಚಿಕೊಂಡು ಸ್ನಾನ ಮಾಡಿತ್ತಾ?"

ಹೊಲಿಗೆಯವಳು ಕೈಮುಗಿದಳು. "ತಪ್ಪಾಯ್ತು ಅಕ್ಕಾ. ಚೆಲ್ಲಿ ಸೊನ್ನೆ ಬರೆದುಬಿಡಿ. ಯಾರಿಗೆ ಗೊತ್ತಾಗುತ್ತೆ?"

"ಈ ಲೋಟಕ್ಕೆ ಗೊತ್ತಲ್ಲೇ," ಎಂದವಳೇ ಪುಸ್ತಕದಲ್ಲಿ ಬರೆದಳು: 'ನಾಲ್ಕು ಮಿಲಿಮೀಟರ್. ಮಳೆಯಲ್ಲ. ಪಕ್ಕದ ಮನೆಯ ಕಂಬಳಿ.'

ಬೈಗುಳದಲ್ಲಿ ಶುರುವಾದ ಸ್ನೇಹ ಇಪ್ಪತ್ತೆಂಟು ವರ್ಷ ಬಾಳಿತು. ಸೈಕಲ್ಲಿನಿಂದ ಬಿದ್ದು ಬಲಗೈ ಮುರಿದಾಗಲೂ ಮಳೆಯಕ್ಕ ಎಡಗೈಯಲ್ಲಿ ಬರೆದಳು. ಆ ತಿಂಗಳ ಅಂಕಿಗಳೆಲ್ಲ ಕುಡಿದವರಂತೆ ವಾಲಿಕೊಂಡಿವೆ.

ಅವಳ ನಿವೃತ್ತಿಗೆ ತಿಂಗಳಿರುವಾಗ ರಾಜಧಾನಿಯಿಂದ ಅಧಿಕಾರಿಣಿಯೊಬ್ಬಳು ಬಂದಳು. ದೇಶದ ಹವಾಮಾನ ಎಷ್ಟು ಬದಲಾಗಿದೆ, ಇನ್ನು ಯಾವ ಊರಿಗೆ ಎಷ್ಟು ಅಗಲದ ಚರಂಡಿ ಬೇಕು, ಎಲ್ಲಿ ಕೆರೆ ಬೇಕು ಎಂದು ದೊಡ್ಡ ವರದಿ ಬರೆಯುತ್ತಿದ್ದರಂತೆ. ಇಲ್ಲಿನ ಮಳೆ ಪುಸ್ತಕ ನಂಬುವಂತಿದ್ದರೆ ಅದರಲ್ಲಿ ಸೇರಿಸುತ್ತಾರೆ, ಇಲ್ಲವಾದರೆ ಅಷ್ಟನ್ನೂ ಬಿಡುತ್ತಾರೆ. ಮಳೆಯಕ್ಕನ ಇಡೀ ಆಯುಸ್ಸು ಆ ಮೇಜಿನ ಮೇಲಿತ್ತು.

ಹೊಲಿಗೆಯವಳು ಚಹಾ ತಂದಳು. ಅಧಿಕಾರಿಣಿಯ ಬೆರಳು ಒಂದು ಪುಟದಲ್ಲಿ ನಿಂತೇಬಿಟ್ಟಿತು.

"ಇದೇನಿದು, ಕಂಬಳಿ?"

"ಅದು ನಂದು ಮೇಡಂ!" ಹೊಲಿಗೆಯವಳು ತಡೆಯದೆ ಹೇಳಿದಳು. "ಅಕ್ಕಂದು ಏನೂ ತಪ್ಪಿಲ್ಲ. ಆ ಕಂಬಳಿ ಹರಿದೂ ಹೋಯ್ತು!"

ಅಧಿಕಾರಿಣಿ ನಕ್ಕ ನಗೆಗೆ ಚಹಾ ತುಳುಕಿತು. "ಕಂಬಳೀನೇ ಬಿಡದೆ ಬರೆದವರು ಮಳೆ ಬಿಟ್ಟಿರ್ತಾರಾ? ಅಮ್ಮಾ, ನಿಮ್ಮ ಅಷ್ಟೂ ಪುಸ್ತಕ ನಮಗೆ ಬೇಕು."

ಮಳೆಯಕ್ಕ ಅಧಿಕಾರಿಣಿಗೆ ಇನ್ನೊಂದು ಲೋಟ ಚಹಾ ತಾನೇ ಬಗ್ಗಿಸಿದಳು. ಅದಕ್ಕೆ ಎರಡೆರಡು ಸಲ ಸಕ್ಕರೆ ಹಾಕಿದಳು.

ನಿವೃತ್ತಳಾಗಿ ಮಗಳ ಊರಿಗೆ ಹೊರಟ ದಿನ, ಬಸ್ಸು ಹತ್ತುವ ಮುಂಚೆ ಆ ಅಳತೆಯ ಲೋಟವನ್ನು ಹೊಲಿಗೆಯವಳ ಕೈಗಿತ್ತಳು. "ಹೊಸಬಳು ಬರೋವರೆಗೆ ನೀನು ಅಳೆ. ಆಫೀಸಿಗೆ ಹೇಳಿದ್ದೀನಿ."

"ನಾನಾ? ನಾಲ್ಕನೇ ಕ್ಲಾಸು ಅಕ್ಕಾ!"

"ಟೇಪು ಹಿಡಿದು ಊರವರ ಸೊಂಟವನ್ನೆಲ್ಲ ಅಳೆದವಳು ನೀನು, ಮಳೆ ಏನು ಮಹಾ!"

ಬಸ್ಸು ಹೊರಟಿತು. ಕಿಟಕಿಯಿಂದ ತಲೆ ಹೊರಹಾಕಿ ಮಳೆಯಕ್ಕ ಕೂಗಿದಳು: "ಬೇಲಿ ಮೇಲೆ ಕಂಬಳಿ ಹಾಕಬೇಡ! ಹಾಕಿದರೆ, ಬರೆದಿಡು!"