ಒದ್ದೆಯಾದ ಪಟ್ಟಿ

ಅಕ್ಕ ಬದುಕಿದ್ದಾಗ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಮೊನ್ನೆ ಸಾಗರದ ಟೈಲರ್ ಅಂಗಡಿಯೊಂದರ ಮುಂದೆ ಇಸ್ತ್ರಿಯ ಬಿಸಿ ತಾಗಿದ ಹೊಸ ಬಟ್ಟೆಯ ವಾಸನೆ ಬಂತು... ಕಾಲು ಮುಂದೆ ಹೋಗಲಿಲ್ಲ.

ಗಣಿತ ಓದಿದ್ದ ಅಕ್ಕ ಹೊಸನಗರದಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಕಲಿತ ಹುಡುಗಿಯರನ್ನು ಸಾಗರ, ತೀರ್ಥಹಳ್ಳಿಯ ಟೈಲರ್ ಅಂಗಡಿಗಳಿಗೂ ಕೆಲಸಕ್ಕೆ ಕಳಿಸಬೇಕಿತ್ತು. ಯಾರು ಯಾವ ಅಂಗಡಿಗೆ ಎಂದು ಮೊದಲೆಲ್ಲ ಚೀಟಿ ಎತ್ತುತ್ತಿದ್ದರು. ತಿಂಗಳೊಳಗೆ ಅರ್ಧ ಜನ ಅಂಗಡಿ ಬದಲಿಸುತ್ತಿದ್ದರು. ಇದನ್ನು ಕಂಪ್ಯೂಟರಿನಲ್ಲಿ ಬಗೆಹರಿಸುತ್ತೇನೆಂದು ಅಕ್ಕ ಹೊರಟಳು. ಹುಡುಗಿಯರು ತಮಗಿಷ್ಟದ ಅಂಗಡಿಗಳನ್ನು ಸಾಲಾಗಿ ಬರೆಯಬೇಕು, ಅಂಗಡಿಯವರು ಹುಡುಗಿಯರನ್ನು. ಬೈಕಿನಲ್ಲಿ ಹೋಗಿ ಪಟ್ಟಿ ತಂದು ಓದಿ ಹೇಳುವವನು ನಾನು, ಕಂಪ್ಯೂಟರಿನಲ್ಲಿ ಒತ್ತುವವಳು ಅವಳು.

"ಹೇಗೆ ಜೋಡಿಸ್ಬೇಕು ಅಂತ ಇದಕ್ಕೆ ನೀನೇ ಹೇಳ್ಕೊಡ್ಬೇಕಾ?" ಎಂದು ಕೇಳಿದೆ.

"ಇಲ್ಲ ಮಾರಾಯ. ಎಂತ ಆಗ್ಬಾರ್ದು ಅಂತ ಹೇಳಿದ್ರೆ ಸಾಕು. ತಮಗೆ ಸಿಕ್ಕಿದ್ದಕ್ಕಿಂತ ಒಬ್ಬರಿಗೊಬ್ಬರೇ ಹೆಚ್ಚು ಇಷ್ಟ ಅನ್ನೋ ಹುಡುಗಿ, ಅಂಗಡಿ ಬೇರೆ ಬೇರೆ ಆಗಿ ಉಳೀಬಾರ್ದು. ಒಟ್ಟಿಗೆ ಬಸ್ ಹತ್ತೋ ಅಕ್ಕ-ತಂಗಿ ಒಂದೇ ಊರಲ್ಲಿರ್ಬೇಕು. ಉಳಿದಿದ್ದು ಅದೇ ಹುಡುಕ್ತದೆ."

ಆ ದಿನದ ಸಡಗರ! ಹುಡುಗಿಯರೆಲ್ಲ ಮಿಷನ್ ಬಿಟ್ಟು ಬಂದು ಅಕ್ಕನ ಬೆನ್ನಿಗೆ ಒತ್ತಿಕೊಂಡು ನಿಂತರು. ಪರದೆಯ ಮೇಲೆ ಒಬ್ಬಳ ಸಾಲಿನಲ್ಲಿ ಒಂದು ಅಂಗಡಿ ಅಳಿಸಿಹೋಯಿತು. ಅದರಿಂದಾಗಿ ಇನ್ನೊಬ್ಬಳ ಸಾಲಿನಲ್ಲೂ ಒಂದು... "ಅಯ್ಯೋ, ನನ್ನದು ಹೋಯ್ತು!" "ನಿಂದು ಹೋದ್ರೆ ನನಗೆ ಬರ್ತದೆ ಕಣೇ!" ಕೊನೆಗೆ ಎಲ್ಲರ ಎದುರೂ ಒಂದೊಂದೇ ಹೆಸರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನೂ ಚಪ್ಪಾಳೆ ಹೊಡೆದೆ.

ಆದರೆ ತೀರ್ಥಹಳ್ಳಿಯ ಒಂದು ಅಂಗಡಿಯ ಪಟ್ಟಿ ನನ್ನ ಜೇಬಿನಲ್ಲೇ ಮಳೆಗೆ ನೆನೆದು ಶಾಯಿ ಕದಡಿತ್ತು. ಮತ್ತೆ ಅಷ್ಟು ದೂರ ಹೋಗಲು ಸೋಮಾರಿತನ. ಅಂದಾಜಿನಲ್ಲಿ ಓದಿ, ಕಾಗದ ಎಸೆದಿದ್ದೆ. ಕಾಲು ಸ್ವಲ್ಪ ಎಳೆದು ನಡೆಯುತ್ತಿದ್ದ ಹುಡುಗಿಯನ್ನು ಯಾರು ಮೊದಲು ಬರೆದಾರು ಎಂದು ಅವಳ ಹೆಸರನ್ನು ಕೊನೆಗೆ ಹೇಳಿದ್ದೆ. ಅವಳಿಗೆ ಬೇಕಿದ್ದದ್ದು ಮನೆ ಹತ್ತಿರದ ಅದೇ ಅಂಗಡಿ. ಬಂದದ್ದು ಸಾಗರ.

ಎಲ್ಲರೂ ಕೆಲಸಕ್ಕೆ ಸೇರಿದ ಮೇಲೆ ಆ ತೀರ್ಥಹಳ್ಳಿ ಅಂಗಡಿಯ ಮಾಲೀಕರು ಬಂದರು. "ಅವಳನ್ನೇ ಮೊದಲು ಬರೆದಿದ್ನಲ್ಲ ಟೀಚರ್?"

"ಪಟ್ಟಿ ಸರಿಯಾಗಿ ಓದಿದ್ಯೇನೋ?" ಅಕ್ಕ ನನ್ನನ್ನು ಕೇಳಿದಳು.

"ಹೂಂ."

ನಂಬಿದಳು. "ಹಾಗಾದ್ರೆ ನಾನೇ ತಪ್ಪು ಒತ್ತಿದೀನಿ" ಎಂದು ಕಂಪ್ಯೂಟರ್ ಮುಚ್ಚಿಟ್ಟಳು. ಮರುವರ್ಷ ಮತ್ತೆ ಚೀಟಿ. ಅವಳ ಕಣ್ಣಿನ ಆ ಹೊಳಪು ಮತ್ತೆ ಕಾಣಲಿಲ್ಲ... ಈಗ ಅವಳೇ ಇಲ್ಲ.

ಮೊನ್ನೆ ಸಾಗರದ ಅಂಗಡಿಯೊಳಗೆ ಕತ್ತರಿ ಹಿಡಿದಿದ್ದವಳು ಅದೇ ಹುಡುಗಿ. ಈಗ ಅಂಗಡಿ ಅವಳದೇ. ಗುರುತು ಹಿಡಿದು ನಕ್ಕಳು. "ಟೀಚರ್ ಎಲ್ಲರಿಗೂ ಸರಿಯಾಗೇ ಜೋಡಿಸಿದ್ರು ಅಣ್ಣ. ನನ್ನೊಬ್ಬಳ ವಿಷಯಕ್ಕೆ ಎಡವಿದ್ರು, ಪಾಪ."

"ಅವಳು ಎಡವಲಿಲ್ಲ" ಎಂದೆ. "ತಪ್ಪು ಓದಿದ್ದು ನಾನು. ಸುಳ್ಳು ಹೇಳಿದ್ದೂ ನಾನು. ತಪ್ಪಾಯ್ತು ತಂಗಿ... ತಪ್ಪಾಯ್ತು, ಅಕ್ಕ."